ಅಧ್ಯಕ್ಷರ ಸುತ್ತಿಗೆ ಕದ್ದವರು

ಹೊಸ ಆಡಳಿತ ಮಂಡಳಿ ಅಧಿಕಾರ ವಹಿಸಿಕೊಂಡ ಸಂಜೆ. ಇಪ್ಪತ್ತು, ಇಪ್ಪತ್ತೊಂದರ ಪ್ರಾಯದ ಐದಾರು ಮಂದಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎದೆಗೆ ಅಡ್ಡವಾಗಿ ಬಣ್ಣದ ಪಟ್ಟಿ ಹಾಕಿಕೊಂಡು ಸಾಲಾಗಿ ನಿಂತಿರುತ್ತಾರೆ. ಊರಿನ ಉಳಿದ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳು ಗುಂಪು ಗುಂಪಾಗಿ ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಕೈಕುಲುಕಿ ಶುಭ ಕೋರಿ, ಏನಾದರೊಂದು ಕುಚೋದ್ಯದ ಉಡುಗೊರೆ ಕೊಟ್ಟು, ಅತಿಥಿಗಳ ಪುಸ್ತಕದಲ್ಲಿ ಸಹಿ ಹಾಕಿ ಬಿಯರಿನ ಕಡೆ ನಡೆಯುತ್ತಾರೆ. ನೋಡಿದರೆ ಮದುವೆಯ ಆರತಕ್ಷತೆ ಅನ್ನಿಸಬೇಕು. ಆದರೆ ಬಂದವರ ಕಣ್ಣೆಲ್ಲ ಮೇಜಿನ ಮೇಲಿನ ಮರದ ಸುತ್ತಿಗೆಯ ಮೇಲೆ. ಸಭೆಯಲ್ಲಿ ಅಧ್ಯಕ್ಷರು ಕುಟ್ಟುವ ಆ ಸುತ್ತಿಗೆಯನ್ನೋ, ಸಂಘದ ಬಾವುಟವನ್ನೋ, ಅದೂ ಕೈಗೆ ಸಿಗದಿದ್ದರೆ ಅತಿಥಿಗಳ ಪುಸ್ತಕವನ್ನೋ ಎಗರಿಸಿಕೊಂಡು ಹೋದವರೇ ಅವತ್ತಿನ ಶೂರರು. ಕಳೆದುಕೊಂಡವರು ಮರುದಿನದಿಂದ ಚೌಕಾಶಿಗೆ ಕೂರಬೇಕು. ಬಿಯರ್ ಕ್ರೇಟುಗಳನ್ನು ತೆತ್ತು ಬಿಡಿಸಿಕೊಂಡು ಬರಬೇಕು.

ಕದ್ದವರೂ ಕಳೆದುಕೊಂಡವರೂ ಮುಂದೆ ಮಣ್ಣುವಿಜ್ಞಾನಿ, ಪಶು ಆಹಾರ ತಜ್ಞ, ಬೀಜ ಕಂಪನಿಯ ಮ್ಯಾನೇಜರು, ಕೃಷಿ ಸಚಿವಾಲಯದ ಅಧಿಕಾರಿ ಆಗತಕ್ಕವರು. ಊರು ನೆದರ್ಲೆಂಡ್ಸ್‌ನ ವಾಗನಿಂಗನ್. ರೈನ್ ನದಿಯ ಕವಲೊಂದರ ದಡದಲ್ಲಿ ಸುಮಾರು 40 ಸಾವಿರ ಜನಸಂಖ್ಯೆಯ ಪಟ್ಟಣ. ರೈಲು ನಿಲ್ದಾಣವೂ ಇಲ್ಲ, ಪಕ್ಕದ ಏಡ ಊರಿನಲ್ಲಿಳಿದು ಬಸ್ ಹಿಡಿಯಬೇಕು. ಆದರೆ ಕೃಷಿ ಕಲಿಯುವವರಿಗೆ ಈ ಊರಿನ ಹೆಸರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಗೊತ್ತು. ಕೃಷಿ ವಿಷಯದ ಜಾಗತಿಕ ಪಟ್ಟಿಗಳಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಮತ್ತೆ ಮತ್ತೆ ಮೊದಲ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚೂಕಡಿಮೆ 13 ಸಾವಿರ ವಿದ್ಯಾರ್ಥಿಗಳಿದ್ದಾರೆ, ಊರಿನ ಮೂರರಲ್ಲೊಂದು ಪಾಲು ಅವರದೇ.

ಕೃಷಿ ಓದುವವರ ಕೂಟಗಳು ಅಂದರೆ ಮೊದಲು ನೆನಪಾಗುವುದು ಅಮೆರಿಕ. ಅಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1904ರಲ್ಲಿ ಆಲ್ಫಾ ಗಾಮಾ ರೋ ಹುಟ್ಟಿತು, ನಾಲ್ಕು ವರ್ಷಗಳ ಬಳಿಕ ಇಲಿನಾಯ್‌ನ ಇನ್ನೊಂದು ಕೂಟದ ಜೊತೆ ಸೇರಿ ರಾಷ್ಟ್ರಮಟ್ಟಕ್ಕೆ ಬೆಳೆಯಿತು. ಮಿಸ್ಸೂರಿಯಲ್ಲಿ 1905ರಲ್ಲಿ ಫಾರ್ಮ್‌ಹೌಸ್ ಬಂತು. ಹುಡುಗಿಯರಿಗೆಂದು 1978ರಲ್ಲಿ ಸಿಗ್ಮಾ ಆಲ್ಫಾ, 1984ರಲ್ಲಿ ಸೆರೆಸ್ ಆದವು. ಅಮೆರಿಕದ ಕಾಲೇಜು ಕೂಟಗಳ ಗ್ರೀಕ್ ಅಕ್ಷರ, ಗುಟ್ಟಿನ ದೀಕ್ಷೆ, ದೊಡ್ಡ ಬಂಗಲೆ ಎಲ್ಲ ಇಲ್ಲೂ ಇವೆ. ವ್ಯತ್ಯಾಸ ಇಷ್ಟೇ: ಸದಸ್ಯರು ಬಹುಪಾಲು ಹೊಲ, ದನ, ಟ್ರ್ಯಾಕ್ಟರುಗಳ ನಡುವೆ ಬೆಳೆದವರು, ಇಲ್ಲವೇ ಆ ಕಡೆ ಹೊರಟವರು.

ಡಚ್ಚರದು ಬೇರೆ ದಾರಿ. ವಾಗನಿಂಗನ್‌ನಲ್ಲಿ ಸರ್ಕಾರಿ ಕೃಷಿ ಶಾಲೆ ಶುರುವಾದದ್ದು 1876ರಲ್ಲಿ. ಎರಡೇ ವರ್ಷಕ್ಕೆ, 1878ರಲ್ಲಿ, ಸೆರೆಸ್ ಎಂಬ ವಿದ್ಯಾರ್ಥಿ ಸಂಘ ಹುಟ್ಟಿತು. ಸೆರೆಸ್ ಅಂದರೆ ರೋಮನ್ನರ ಧಾನ್ಯದೇವತೆ, ಅಮೆರಿಕದ ಹುಡುಗಿಯರು ನೂರು ವರ್ಷ ದಾಟಿದ ಮೇಲೆ ಆರಿಸಿಕೊಂಡ ಹೆಸರೂ ಅವಳದೇ. ಶಾಲೆ 1918ರ ಮಾರ್ಚ್ 9ರಂದು ಕೃಷಿ ಮಹಾವಿದ್ಯಾಲಯವಾಯಿತು, 1986ರಲ್ಲಿ ವಿಶ್ವವಿದ್ಯಾಲಯವೆನಿಸಿಕೊಂಡಿತು, 1998ರಲ್ಲಿ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಸೆರೆಸ್ ಮಾತ್ರ ಸೆರೆಸ್ ಆಗಿಯೇ ಉಳಿದಿದೆ. ಐದು ವರ್ಷಕ್ಕೊಮ್ಮೆ ಹಬ್ಬ ಮಾಡುವುದು ಡಚ್ ವಿದ್ಯಾರ್ಥಿ ಸಂಘಗಳ ವಾಡಿಕೆ. ಹಾಗೆ ನೋಡಿದರೆ 2028ರದು ಈ ಸಂಘದ ಮೂವತ್ತನೆಯ ಹಬ್ಬ.

ಅಮೆರಿಕದಲ್ಲಿ ಕೂಟಗಳು ವೃತ್ತಿಯ ಮೇಲೆ ಒಡೆದರೆ ವಾಗನಿಂಗನ್‌ನಲ್ಲಿ ಎಲ್ಲರೂ ಕೃಷಿಯವರೇ. ಹಾಗಾಗಿ ಅವರು ಒಡೆದುಕೊಂಡದ್ದು ದೇವರ ಹೆಸರಿನಲ್ಲಿ. ಯಾವ ಪಂಥಕ್ಕೂ ಸೇರದ, ಸ್ಥಿತಿವಂತ ಮನೆಗಳ ಹುಡುಗರಿಗೆ ಸೆರೆಸ್. ಕ್ಯಾಥೊಲಿಕರಿಗೆ ಸಂತ ಫ್ರಾನ್ಸಿಸ್ ಝೇವಿಯರನ ಹೆಸರಿನ ಕೆಎಸ್‌ವಿ. ಗೋವಾದಲ್ಲಿ ಯಾರ ಪಾರ್ಥಿವ ಶರೀರವಿದೆಯೋ ಅದೇ ಝೇವಿಯರ್. ಪ್ರೊಟೆಸ್ಟಂಟರಲ್ಲಿ ಕಟ್ಟುನಿಟ್ಟಿನವರಿಗೆ ಎಸ್‌ಎಸ್‌ಆರ್, 1886ರಲ್ಲಿ ಆರಂಭವಾದ ರಾಷ್ಟ್ರೀಯ ಸಂಘದ ವಾಗನಿಂಗನ್ ಶಾಖೆ. ಇಪ್ಪತ್ತನೆಯ ಶತಮಾನದ ಮುಕ್ಕಾಲು ಪಾಲು ಡಚ್ ಸಮಾಜ ಹೀಗೆಯೇ ಕಂಬಗಳಾಗಿ ಸೀಳಿಕೊಂಡಿತ್ತು. ಕ್ಯಾಥೊಲಿಕ್ ಮನೆಯವನು ಕ್ಯಾಥೊಲಿಕ್ ಶಾಲೆಗೆ ಹೋಗಿ, ಕ್ಯಾಥೊಲಿಕ್ ಪತ್ರಿಕೆ ಓದಿ, ಕ್ಯಾಥೊಲಿಕ್ ರೇಡಿಯೊ ಕೇಳಿ, ಕ್ಯಾಥೊಲಿಕ್ ರೈತ ಸಂಘಕ್ಕೆ ಚಂದಾ ಕಟ್ಟುತ್ತಿದ್ದ. ಪ್ರೊಟೆಸ್ಟಂಟನದೂ ಇದೇ ಕತೆ.

ಕನ್ನಡ ಓದುಗರಿಗೆ ಇದು ಅಪರಿಚಿತವೇನೂ ಅಲ್ಲ. ಒಕ್ಕಲಿಗರ ಸಂಘ 1906ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಒಂದು ತಲೆಮಾರು ಮೇಲೆ ಬಂದದ್ದು, ಊರೂರಿನ ಜಾತಿವಾರು ಬೋರ್ಡಿಂಗುಗಳು, ಎಲ್ಲವೂ ಆ ಕಂಬಗಳ ನಮ್ಮ ರೂಪ. ಹಳ್ಳಿಯಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಒಂದು ಚಾಪೆ, ಎರಡು ಹೊತ್ತಿನ ಊಟ, ನಾಲ್ಕು ಜನ ಪರಿಚಯ ಒದಗಿಸಿದ್ದು ಅವು. ಆ ಪರಿಚಯಗಳೇ ಮುಂದೆ ಕೆಲಸ ಕೊಟ್ಟವು, ಚುನಾವಣೆ ಗೆಲ್ಲಿಸಿದವು. ಹೊರಗಿನವರಿಗೆ ಬಾಗಿಲು ಮುಚ್ಚಿದ್ದೂ ಅವೇ. ಡಚ್ಚರ ಕೂಟಗಳಿಗೂ ಈ ಎರಡು ಮುಖಗಳಿವೆ. ಒಂದನ್ನು ಹೊಗಳಿ ಇನ್ನೊಂದನ್ನು ಮರೆಯುವುದು ಸುಲಭ.

ಈಗ ಕೆಎಸ್‌ವಿಗೆ ಸೇರಲು ಯಾರೂ ಜ್ಞಾನಸ್ನಾನದ ಚೀಟಿ ಕೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಚರ್ಚುಗಳೇ ಖಾಲಿ ಹೊಡೆಯುತ್ತಿರುವಾಗ ಕ್ಯಾಥೊಲಿಕ್ ಎಂಬುದು ಬಾವುಟದ ಮೇಲಿನ ಚಿತ್ರವಾಗಿ ಉಳಿದಿದೆ, ಅಷ್ಟೆ. ದೇವರನ್ನು ನಿಜವಾಗಿ ನಂಬುವ ವಿದ್ಯಾರ್ಥಿಗಳಿಗೆ ನ್ಯಾವಿಗೇಟರ್ಸ್, ಇಕ್ತುಸ್‌ನಂಥ ಬೇರೆ ಸಂಘಗಳಿವೆ. ಹೆಣ್ಣುಮಕ್ಕಳಿಗೂ ದೊಡ್ಡ ಸಂಘಗಳಲ್ಲಿ ಸಮನಾದ ಸದಸ್ಯತ್ವ.

ಕೂಟ ಸೇರಿದವನ ದಿನಚರಿ ನಡೆಯುವುದು ಮನೆಯಲ್ಲಿ. ಸಂಘದೊಳಗೆ ಚಿಕ್ಕ ಚಿಕ್ಕ ಬಳಗಗಳು, ಒಂದೇ ವರ್ಷ ಸೇರಿದವರ ಗುಂಪುಗಳು, ಅವುಗಳಿಗೆ ಅಂಟಿಕೊಂಡ ಹಳೆಯ ಮನೆಗಳು. ಎಂಟು ಹತ್ತು ಜನ ಒಂದು ಮನೆ ಹಂಚಿಕೊಳ್ಳುತ್ತಾರೆ. ಖಾಲಿಯಾದ ಕೋಣೆಗೆ ಯಾರು ಬರಬೇಕು ಎಂದು ಗೊತ್ತುಮಾಡುವವರು ಮಾಲೀಕರಲ್ಲ, ಉಳಿದ ನಿವಾಸಿಗಳು. ಅದಕ್ಕೊಂದು ಸಂಜೆ ನಿಗದಿಯಾಗುತ್ತದೆ. ಕೋಣೆ ಹುಡುಕುವವರೆಲ್ಲ ಒಟ್ಟಿಗೆ ಬಂದು ಹಳೆಯ ಸೋಫಾದಲ್ಲಿ ಒತ್ತರಿಸಿ ಕೂರಬೇಕು. ಅಡುಗೆ ಬರುತ್ತದಾ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯಾ, ನೀನೊಂದು ತರಕಾರಿಯಾಗಿದ್ದರೆ ಯಾವುದಾಗಿರುತ್ತಿದ್ದೆ ಎಂಬಂಥ ಪ್ರಶ್ನೆಗಳಿಗೆ ನಗುಮುಖದಲ್ಲಿ ಉತ್ತರಿಸಬೇಕು. ವಧುಪರೀಕ್ಷೆಯನ್ನು ನಾವು ಬಿಡುತ್ತಿರುವ ಕಾಲದಲ್ಲಿ ಡಚ್ಚರು ಬಾಡಿಗೆ ಕೋಣೆಗೆ ಅದನ್ನು ಉಳಿಸಿಕೊಂಡಿದ್ದಾರೆ.

ಒಳಗೆ ಸೇರಿಕೊಂಡ ಮೇಲೆ ಅಡುಗೆಮನೆಯ ಗೋಡೆಯಲ್ಲಿ ಎರಡು ಪಟ್ಟಿಗಳು ಕಾಣುತ್ತವೆ. ಒಂದು ಊಟದ ಪಟ್ಟಿ: ಇವತ್ತು ಯಾರು ಉಣ್ಣುತ್ತಾರೆ, ಯಾರು ಅಡುಗೆ ಮಾಡುತ್ತಾರೆ, ಸಾಮಾನಿಗೆ ಎಷ್ಟು ಖರ್ಚಾಯಿತು. ಇನ್ನೊಂದು ಬಿಯರಿನ ಪಟ್ಟಿ. ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದರೆ ಹೆಸರಿನ ಮುಂದೆ ಒಂದು ಗೀಟು, ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡಗೀಟು. ತಿಂಗಳ ಕೊನೆಗೆ ಒಬ್ಬರು ಕೂತು ಲೆಕ್ಕ ಹಾಕಿ ಯಾರಿಂದ ಯಾರಿಗೆ ಎಷ್ಟು ಬರಬೇಕೆಂದು ಸೆಂಟಿನ ತನಕ ಬರೆದು ಹಾಕುತ್ತಾರೆ. ಈಗ ಇದೆಲ್ಲ ಮೊಬೈಲಿಗೆ ಬಂದಿದೆ, ಆದರೂ ಹಲವು ಮನೆಗಳಲ್ಲಿ ಕಾಗದವೇ ಇಷ್ಟ. ಗೀಟು ಹಾಕದೆ ಬಾಟಲಿ ತೆಗೆದವನಿಗೆ ಆ ಮನೆಯಲ್ಲಿ ಕ್ಷಮೆಯಿಲ್ಲ. ಅಡುಗೆ ಕೆಟ್ಟವನಿಗೆ ಇದೆ.

ಇಷ್ಟನ್ನೇ ನೋಡಿದವರು ಇದೊಂದು ಕುಡಿಯುವವರ ಕೂಟ ಎಂದು ಕೈತೊಳೆದುಕೊಳ್ಳುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಆ ಗೀಟಿನ ಪಟ್ಟಿಯ ದೊಡ್ಡಣ್ಣನಾದ ಸರ್ವಸದಸ್ಯರ ಸಭೆ. ಪ್ರತಿ ಸಂಘವೂ ನೋಟರಿಯ ಮುಂದೆ ನೋಂದಾಯಿಸಿದ ನಿಯಮಾವಳಿ ಹೊಂದಿರುತ್ತದೆ. ಮಂಡಳಿ ವರ್ಷದ ಆರಂಭದಲ್ಲಿ ಕಾರ್ಯಯೋಜನೆ, ಮುಂಗಡಪತ್ರ ಮಂಡಿಸಬೇಕು, ಕೊನೆಯಲ್ಲಿ ಲೆಕ್ಕಪತ್ರ ಒಪ್ಪಿಸಬೇಕು. ಸದಸ್ಯರೇ ಆರಿಸಿದ ಲೆಕ್ಕ ತನಿಖಾ ಸಮಿತಿ ಪುಸ್ತಕಗಳನ್ನು ತಡಕಾಡಿ ವರದಿ ಕೊಡುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದುನಿಂತು, ಬಾರಿನ ಗಾಜಿನ ಲೋಟ ಒಡೆದ ಬಾಬ್ತಿನಲ್ಲಿ ಇಷ್ಟು ಹಣ ಹೇಗೆ ಹೋಯಿತು ಎಂದು ಕೇಳಿದರೆ ಖಜಾಂಚಿ ಉತ್ತರ ಹುಡುಕಲೇಬೇಕು. ತಿದ್ದುಪಡಿ, ತಿದ್ದುಪಡಿಗೊಂದು ತಿದ್ದುಪಡಿ, ಮತಕ್ಕೆ ಹಾಕುವುದು, ಮತ ಎಣಿಸುವುದು ಅಂತ ಸಭೆ ಮಧ್ಯರಾತ್ರಿ ದಾಟುವುದುಂಟು. ಕಡೆಯಲ್ಲಿ ಎಲ್ಲರಿಗೂ ಒಂದೊಂದು ಪ್ರಶ್ನೆ ಕೇಳುವ ಸುತ್ತು ಇರುತ್ತದೆ, ಅಲ್ಲಿ ಪೋಲಿ ಪ್ರಶ್ನೆಗಳಿಗೇ ಹೆಚ್ಚು ಚಪ್ಪಾಳೆ. ಲೆಕ್ಕ ಒಪ್ಪಿಗೆಯಾದ ಮೇಲೆ ಹಳೆಯ ಮಂಡಳಿಯನ್ನು ಹೊಣೆಯಿಂದ ಬಿಡುಗಡೆ ಮಾಡುವ ನಿರ್ಣಯ ಪಾಸಾಗಬೇಕು. ಅದು ಪಾಸಾಗುವ ತನಕ ಮಂಡಳಿಯವರು ತಲೆಯ ಮೇಲಿನ ಹೊರೆ ಇಳಿಸುವಂತಿಲ್ಲ.

ಮಂಡಳಿಗೆ ಆಯ್ಕೆಯಾದವರು ಒಂದು ವರ್ಷ ಓದನ್ನೇ ಬದಿಗಿಡುತ್ತಾರೆ, ಅಥವಾ ಅರ್ಧಕ್ಕೆ ಇಳಿಸುತ್ತಾರೆ. ದೊಡ್ಡ ಸಂಘವೆಂದರೆ ನೂರಾರು ಸದಸ್ಯರು, ಸ್ವಂತ ಕಟ್ಟಡ, ಬಾರಿನ ಪರವಾನಗಿ, ಕೆಲಸದವರ ಸಂಬಳ, ಪುರಸಭೆಯ ಜೊತೆ ಗದ್ದಲದ ತಕರಾರು. ಅದನ್ನು ನಡೆಸುವುದು ಸಣ್ಣ ವ್ಯಾಪಾರ ನಡೆಸಿದಷ್ಟೇ ಕೆಲಸ. ಹೀಗೆ ಕಳೆದ ವರ್ಷಕ್ಕೆ ವಿಶ್ವವಿದ್ಯಾಲಯವೇ ಧನಸಹಾಯ ಕೊಡುತ್ತದೆ. ಕೆಲಸಕ್ಕೆ ಅರ್ಜಿ ಹಾಕುವಾಗ ಡಚ್ ಪದವೀಧರರು ಈ ವರ್ಷವನ್ನು ಅಂಕಪಟ್ಟಿಗಿಂತ ಮೇಲೆ ಬರೆದುಕೊಳ್ಳುವುದೂ ಉಂಟು. ಒಂದು ವರ್ಷ ಹಾಳುಮಾಡಿಕೊಂಡ ಎಂದು ನಮ್ಮಲ್ಲಿ ತಂದೆತಾಯಿ ತಲೆ ಚಚ್ಚಿಕೊಳ್ಳುವ ವಿಷಯ ಅಲ್ಲಿ ಅರ್ಹತೆ.

ಈ ಸಭಾಕ್ರಮ ಎಲ್ಲಿಂದ ಬಂತು ಎಂದು ಹುಡುಕಿದರೆ ಕೃಷಿಯ ಚರಿತ್ರೆಯೇ ಎದುರಾಗುತ್ತದೆ. 1870ರ ದಶಕದ ಕೊನೆಗೆ ಅಮೆರಿಕದ ಅಗ್ಗದ ಗೋಧಿ ಹಡಗುಗಳಲ್ಲಿ ಬಂದು ಯುರೋಪಿನ ರೈತರ ಬೆನ್ನು ಮುರಿಯಿತು. ಜರ್ಮನಿ, ಫ್ರಾನ್ಸ್ ಆಮದು ಸುಂಕ ಏರಿಸಿದವು. ಡಚ್ ಸರ್ಕಾರ ಸುಂಕಕ್ಕೆ ಹೆಚ್ಚು ಕೈಹಾಕದೆ ಶಾಲೆ, ಸಂಶೋಧನೆ, ಸಲಹೆಗಾರರ ಮೇಲೆ ಖರ್ಚುಮಾಡಿತು. ರೈತರು ತಾವೇ ಸಂಘ ಕಟ್ಟಿಕೊಂಡರು. ಝೇಲಂಡ್‌ನ ಆರ್ಡನ್‌ಬುರ್ಗ್‌ನಲ್ಲಿ 1877ರಲ್ಲಿ ಗೊಬ್ಬರ ಒಟ್ಟಿಗೆ ಕೊಳ್ಳುವ ಸಹಕಾರ ಸಂಘ ಬಂತು. ಫ್ರೀಸ್‌ಲಂಡ್‌ನ ವಾರ್ಗಾದಲ್ಲಿ 1886ರಲ್ಲಿ ಮೊದಲ ಸಹಕಾರಿ ಡೇರಿ. ಮರುವರ್ಷ ಉತ್ತರ ಹಾಲಂಡ್‌ನ ಬ್ರೂಕ್ ಆಪ್ ಲಾಂಗೆಡೈಕ್‌ನಲ್ಲಿ ತರಕಾರಿ ಹರಾಜು, ದೋಣಿಯಲ್ಲಿ ಕೋಸು ತುಂಬಿಕೊಂಡು ಬಂದು ಮಾರುವ ಪದ್ಧತಿ. 1898ರಲ್ಲಿ ಉಟ್ರೆಕ್ಟ್ ಮತ್ತು ಐಂಡ್‌ಹೋವನ್‌ಗಳಲ್ಲಿ ಎರಡು ರೈತ ಬ್ಯಾಂಕ್ ಒಕ್ಕೂಟಗಳು ಹುಟ್ಟಿದವು. ಎರಡೇಕೆ? ಐಂಡ್‌ಹೋವನ್‌ನದು ಕ್ಯಾಥೊಲಿಕರದು, ಅದಕ್ಕೆ. ಅವು ಒಂದಾಗಿ ರಾಬೋಬ್ಯಾಂಕ್ ಆಗಲು 1972 ಬರಬೇಕಾಯಿತು. ಕ್ಯಾಥೊಲಿಕ್, ಪ್ರೊಟೆಸ್ಟಂಟ್, ಯಾವ ಪಂಥದ್ದೂ ಅಲ್ಲದ್ದು ಎಂಬ ಮೂರು ರೈತ ಸಂಘಟನೆಗಳು 1995ರಲ್ಲಷ್ಟೇ ಎಲ್‌ಟಿಒ ಹೆಸರಿನಲ್ಲಿ ಒಂದಾದವು.

ಸೆರೆಸ್, ಕೆಎಸ್‌ವಿ, ಎಸ್‌ಎಸ್‌ಆರ್‌ಗಳ ನಕಾಶೆಯನ್ನು ಈ ಮೂರು ರೈತ ಸಂಘಟನೆಗಳ ನಕಾಶೆಯ ಮೇಲೆ ಇಟ್ಟು ನೋಡಿ, ಗೆರೆಗಳು ಹೆಚ್ಚೂಕಡಿಮೆ ಕೂಡುತ್ತವೆ. ಒಬ್ಬರಿಗೆ ಒಂದು ಮತ, ವರ್ಷಕ್ಕೊಮ್ಮೆ ಲೆಕ್ಕ, ಸದಸ್ಯರೊಳಗಿಂದಲೇ ಮಂಡಳಿ. ಹಾಲಿನ ಸಂಘದ ನಿಯಮವೂ ಇದೇ, ವಿದ್ಯಾರ್ಥಿ ಸಂಘದ್ದೂ ಇದೇ. ಕರ್ನಾಟಕದ ಕಾಲುಭಾಗದಷ್ಟೂ ನೆಲವಿಲ್ಲದ ದೇಶ ಅಮೆರಿಕದ ನಂತರ ಜಗತ್ತಿನ ಎರಡನೆಯ ದೊಡ್ಡ ಕೃಷಿ ರಫ್ತುದಾರ ಎನಿಸಿಕೊಂಡದ್ದಕ್ಕೆ ಗಾಜಿನಮನೆ, ತಳಿ, ರಾಟರ್‌ಡ್ಯಾಮ್ ಬಂದರು ಎಲ್ಲ ಕಾರಣ ಹೇಳುತ್ತಾರೆ. ಸಭೆಯಲ್ಲಿ ಕೂರುವ, ಸೋತರೂ ಎದ್ದುಹೋಗದ ಅಭ್ಯಾಸವನ್ನೂ ನಾನು ಆ ಪಟ್ಟಿಗೆ ಸೇರಿಸುತ್ತೇನೆ. ಆ ಅಭ್ಯಾಸದ ತಾಲೀಮು ನಡೆಯುವ ಗರಡಿಗಳಲ್ಲಿ ಈ ಕೂಟಗಳೂ ಸೇರಿವೆ.

ನಮ್ಮಲ್ಲಿ ಸಹಕಾರದ ಚರಿತ್ರೆ ಕಡಿಮೆಯದೇನಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ, ಡಚ್ಚರ ರೈತ ಬ್ಯಾಂಕುಗಳಿಗಿಂತ ಏಳೇ ವರ್ಷ ಹಿಂದೆ ಬಿದ್ದು. ಹೆಬ್ಬಾಳದ ಕೃಷಿ ಶಾಲೆಯೂ 1913ರಷ್ಟು ಹಳೆಯದು. ಆದರೆ ಕೃಷಿ ಓದಿದವನಿಗೂ ಸಹಕಾರ ಸಂಘದ ವಾರ್ಷಿಕ ಮಹಾಸಭೆಗೂ ನಮ್ಮಲ್ಲಿ ನಂಟು ಬೆಳೆಯಲಿಲ್ಲ. ಸಂಘದ ಚುನಾವಣೆ ಊರಿನ ರಾಜಕಾರಣಿಗಳ ಪಾಲಾಯಿತು, ಕೃಷಿ ಪದವೀಧರ ಬ್ಯಾಂಕ್ ಪರೀಕ್ಷೆಗೋ ಕೆಎಎಸ್‌ಗೋ ಕೂತ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ಹೊಡೆದಾಟದ ಕಾರಣಕ್ಕೆ 1989-90ರಲ್ಲಿ ಸರ್ಕಾರ ನಿಲ್ಲಿಸಿದ ಮೇಲೆ, ಮತ ಕೇಳಿ ಗೆದ್ದು, ಲೆಕ್ಕ ಒಪ್ಪಿಸಿ ಇಳಿಯುವ ಅನುಭವ ಕ್ಯಾಂಪಸ್ಸಿನಲ್ಲಿ ಸಿಗುವುದೂ ಅಪರೂಪವಾಯಿತು. ಹೊಡೆದಾಟ ನಿಂತದ್ದು ಒಳ್ಳೆಯದೇ. ಜೊತೆಗೆ ಹೋದದ್ದನ್ನು ಯಾರೂ ಲೆಕ್ಕ ಹಾಕಲಿಲ್ಲ.

ವಾಗನಿಂಗನ್ ಬಿಟ್ಟು ಸ್ವಲ್ಪ ಈಚೆ ಬಂದರೆ ಡೆವೆಂಟರ್ ಎಂಬ ಊರಿದೆ. ಅಲ್ಲಿ 1912ರಲ್ಲಿ ವಸಾಹತು ಕೃಷಿ ಶಾಲೆ ತೆರೆಯಿತು. ಜಾವಾ, ಸುಮಾತ್ರಾದ ರಬ್ಬರು, ಚಹಾ, ಕಬ್ಬಿನ ತೋಟಗಳಿಗೆ ಮೇಲ್ವಿಚಾರಕರನ್ನು ತಯಾರು ಮಾಡುವುದು ಅದರ ಉದ್ದೇಶ. ಅಲ್ಲಿನ ಹುಡುಗರು ಕಟ್ಟಿಕೊಂಡ ಸಂಘ ರೋಮನ್ ದೇವತೆಯ ಹತ್ತಿರ ಹೋಗಲಿಲ್ಲ, ಜಾವಾದ ಭತ್ತದ ದೇವಿಯ ಹೆಸರು ಹಿಡಿಯಿತು: ನ್ಯಿ ಸ್ರಿ, ನಮ್ಮ ಶ್ರೀದೇವಿಯೇ ಸಮುದ್ರ ದಾಟಿ ಗದ್ದೆಗಿಳಿದ ರೂಪ. ತೋಟದ ಕೂಲಿಗಳನ್ನು ಹದ್ದುಬಸ್ತಿನಲ್ಲಿಡಲು ಹೊರಟ ಹುಡುಗರು ಆ ಕೂಲಿಗಳ ದೇವಿಯ ಹೆಸರಿನಲ್ಲಿ ಬಿಯರ್ ಕುಡಿದರು. ವಸಾಹತಿನ ಚರಿತ್ರೆಯಲ್ಲಿ ಇಂಥ ವ್ಯಂಗ್ಯಗಳಿಗೆ ಬರವಿಲ್ಲ.

ಡೆವೆಂಟರ್ ಶಾಲೆಯಲ್ಲಿ ಓದಿದವರಲ್ಲಿ ಸಿಕ್ಕೊ ಮಾನ್ಸ್‌ಹೋಲ್ಟ್ ಒಬ್ಬರು. 1930ರ ದಶಕದಲ್ಲಿ ಜಾವಾದ ಚಹಾ ತೋಟದಲ್ಲಿ ಕೆಲಸ ಮಾಡಿ, ಅಲ್ಲಿನ ವಸಾಹತು ವ್ಯವಸ್ಥೆಗೆ ಬೇಸತ್ತು ಮರಳಿ, ಸಮುದ್ರದಿಂದ ಹೊಸದಾಗಿ ಗೆದ್ದ ವೀರಿಂಗರ್‌ಮೇರ್ ನೆಲದಲ್ಲಿ ಬೇಸಾಯಕ್ಕಿಳಿದರು. 1945ರಲ್ಲಿ ಕೃಷಿ ಸಚಿವ. 1958ರಿಂದ ಯುರೋಪಿನ ಮೊದಲ ಕೃಷಿ ಕಮಿಷನರ್. ಇಡೀ ಯುರೋಪಿನ ಬೆಂಬಲ ಬೆಲೆ ಪದ್ಧತಿ ಕಟ್ಟಿದವರೂ ಅವರೇ, ಸಣ್ಣ ಹಿಡುವಳಿಗಳು ಉಳಿಯುವುದಿಲ್ಲ, ಲಕ್ಷಾಂತರ ರೈತರು ಬೇಸಾಯ ಬಿಡಬೇಕು ಎಂದು 1968ರಲ್ಲಿ ಹೇಳಿ ರೈತರ ಬೈಗುಳ ತಿಂದವರೂ ಅವರೇ.

ಡಚ್ ಕೃಷಿವಿಜ್ಞಾನದಲ್ಲಿ ಹಬ್ಬ ಮತ್ತು ದುಡಿಮೆಯನ್ನು ಬೇರೆ ಮಾಡದವರಲ್ಲಿ ಯೊಹಾನ್ನಾ ವೆಸ್ಟರ್‌ಡೈಕ್ ಅವರನ್ನು ಮರೆಯುವಂತಿಲ್ಲ. 1917ರಲ್ಲಿ ಉಟ್ರೆಕ್ಟ್‌ನಲ್ಲಿ ಸಸ್ಯರೋಗಶಾಸ್ತ್ರದ ಪ್ರಾಧ್ಯಾಪಕಿಯಾದಾಗ ಅವರು ಆ ದೇಶದ ಮೊದಲ ಮಹಿಳಾ ಪ್ರೊಫೆಸರ್. ಬಾರ್ನ್ ಎಂಬ ಊರಿನ ವಿಲ್ಲಾ ಜಾವಾ ಬಂಗಲೆಯಲ್ಲಿ ಪ್ರಯೋಗಾಲಯ ನಡೆಸಿದರು. 56 ಮಂದಿ ಅವರ ಕೈಕೆಳಗೆ ಡಾಕ್ಟರೇಟ್ ಪಡೆದರು, ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಎಲ್ಮ್ ಮರಗಳ ಮಾರಿರೋಗದ ಶಿಲೀಂಧ್ರವನ್ನು ಪತ್ತೆ ಮಾಡಿದ್ದು ಆ ಹುಡುಗಿಯರೇ. ದುಡಿಮೆ ಮತ್ತು ಸಂಭ್ರಮ ಎರಡೂ ಸೇರಿ ಒಳ್ಳೆಯ ಮನಸ್ಸು ರೂಪುಗೊಳ್ಳುತ್ತದೆ ಎಂಬ ಅರ್ಥದ ಮಾತನ್ನು ಅವರು ಪ್ರಯೋಗಾಲಯದಲ್ಲಿ ಕೆತ್ತಿಸಿದ್ದರು. ಗಂಡಸರ ಕೂಟಗಳು ಹೊರಗಿಟ್ಟಿದ್ದ ಹೆಣ್ಣುಮಕ್ಕಳಿಗೆ ಆ ಬಂಗಲೆಯೇ ಕೂಟವಾಗಿತ್ತು ಅನ್ನಿಸುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಕೂಟಗಳ ನಿಜವಾದ ಪರೀಕ್ಷೆ ನಡೆಯಿತು. ಯಹೂದಿಗಳಿಗೆ ಬಾಗಿಲು ಮುಚ್ಚಬೇಕೆಂದು ಜರ್ಮನ್ನರು 1941ರಲ್ಲಿ ಹೇಳಿದಾಗ ದೇಶದ ಹಲವು ವಿದ್ಯಾರ್ಥಿ ಸಂಘಗಳು ಬೋರ್ಡು ಹಾಕುವ ಬದಲು ತಮ್ಮನ್ನೇ ವಿಸರ್ಜಿಸಿಕೊಂಡವು. 1943ರಲ್ಲಿ ನಿಷ್ಠಾಪತ್ರಕ್ಕೆ ಸಹಿ ಹಾಕಿದರಷ್ಟೇ ಓದು ಎಂದಾಗ ಸುಮಾರು ಶೇ. 85ರಷ್ಟು ವಿದ್ಯಾರ್ಥಿಗಳು ಹಾಕಲಿಲ್ಲ. ಸಾವಿರಾರು ಜನ ಜರ್ಮನಿಯ ಕಾರ್ಖಾನೆಗಳಿಗೆ ಹೋಗಬೇಕಾಯಿತು, ಉಳಿದವರು ತಲೆಮರೆಸಿಕೊಂಡರು. ವಾಗನಿಂಗನ್ ಊರನ್ನೇ ಎರಡು ಸಲ ಖಾಲಿ ಮಾಡಿಸಲಾಗಿತ್ತು. 1945ರ ಮೇ 5ರಂದು ಇದೇ ಊರಿನ ಹೋಟೆಲ್ ಡೆ ವೆರೆಲ್ಟ್‌ನಲ್ಲಿ ಜರ್ಮನ್ ಸೇನಾಧಿಪತಿ ಬ್ಲಾಸ್ಕೊವಿಟ್ಸ್ ಮತ್ತು ಕೆನಡಾದ ಜನರಲ್ ಫೋಕ್ಸ್ ಶರಣಾಗತಿಯ ಮಾತುಕತೆಗೆ ಎದುರುಬದುರು ಕೂತರು. ಈಗ ಜನರಲ್ ಫೋಕ್ಸ್ ಹೆಸರಿನ ರಸ್ತೆಯಲ್ಲಿ ವಿದ್ಯಾರ್ಥಿಗಳು ತಡರಾತ್ರಿ ಸೈಕಲ್ ಹೊಡೆಯುತ್ತಾರೆ.

ಕೂಟಗಳ ಕರಾಳ ಮುಖ ದೀಕ್ಷೆಯ ವಾರ. ಹೊಸಬರನ್ನು ನಿದ್ದೆಗೆಡಿಸಿ, ಅರಚಿ, ಹಾಡು ಬಾಯಿಪಾಠ ಮಾಡಿಸಿ, ಮಣ್ಣಿನಲ್ಲಿ ಹೊರಳಾಡಿಸಿ ಗಟ್ಟಿ ಮಾಡುವುದು ಹಳೆಯ ಪದ್ಧತಿ. ಇದು ಒಗ್ಗಟ್ಟು ಬೆಳೆಸುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಉಟ್ರೆಕ್ಟ್‌ನಲ್ಲಿ 1965ರಲ್ಲಿ, ಗ್ರೊನಿಂಗನ್‌ನಲ್ಲಿ 1997ರಲ್ಲಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಗ್ರೊನಿಂಗನ್‌ನ ವಿಂಡಿಕಾಟ್ ಸಂಘದಲ್ಲಿ 2016ರಲ್ಲಿ ಹೊಸಬನೊಬ್ಬನ ತಲೆಯ ಮೇಲೆ ಹಿರಿಯನೊಬ್ಬ ಕಾಲಿಟ್ಟು ಮಿದುಳಿಗೆ ಪೆಟ್ಟಾಯಿತು. ದೇಶಕ್ಕೆ ದೇಶವೇ ಕೋಪಗೊಂಡಿತು, ಸಂಘಗಳು ನಡವಳಿಕೆಯ ಸಂಹಿತೆಗಳಿಗೆ ಒಪ್ಪಬೇಕಾಯಿತು. ನಮ್ಮಲ್ಲಿ ಇದರ ಹೆಸರು ರ‍್ಯಾಗಿಂಗ್, 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಅದು ಅಪರಾಧ. ರಾಘವನ್ ಸಮಿತಿ ವರದಿಯ ನಂತರ 2009ರಲ್ಲಿ ಯುಜಿಸಿ ನಿಯಮ ಇನ್ನಷ್ಟು ಬಿಗಿಯಾಯಿತು. ಕಾನೂನಿನ ಮಟ್ಟಿಗೆ ನಾವೇ ಮುಂದು. ಡಚ್ಚರು ಇನ್ನೂ ಸ್ವಯಂ ನಿಯಂತ್ರಣದ ಮೇಲೆ ಭಾರ ಹಾಕಿ ಕೂತಿದ್ದಾರೆ, ಅದು ಸಾಲದು.

ಇನ್ನೊಂದು ಆರೋಪ ಒಳಬಳಗದ್ದು. ಯುದ್ಧಾನಂತರ ದಶಕಗಳ ಕಾಲ ಕೃಷಿ ಸಚಿವಾಲಯ, ಸಂಸತ್ತಿನ ಕೃಷಿ ಸದಸ್ಯರು, ರೈತ ಸಂಘಟನೆಗಳು, ವಾಗನಿಂಗನ್ ಸೇರಿ ನೀತಿಯನ್ನು ತಮ್ಮೊಳಗೇ ತೀರ್ಮಾನಿಸುತ್ತಿದ್ದವು. ಡಚ್ ಪತ್ರಕರ್ತರು ಇದನ್ನು ಹಸಿರು ರಂಗ ಎಂದು ಕರೆದರು. ವಾಗನಿಂಗನ್‌ನ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಕೇಸ್ ಫೇರ್‌ಮನ್ 2002ರಲ್ಲಿ ನೇರ ಕೃಷಿ ಸಚಿವರಾದರು. ಅವರು ಸಮರ್ಥರೇ ಇದ್ದಿರಬಹುದು, ಆದರೆ ಕುರ್ಚಿಗಳು ಎಷ್ಟು ಹತ್ತಿರ ಹತ್ತಿರ ಇದ್ದವು ಎಂಬುದಕ್ಕೆ ಅದೊಂದು ಸಾಕ್ಷಿ. ಗೊಬ್ಬರ, ಅಮೋನಿಯಾ ಮಿತಿಮೀರುತ್ತಿದೆ ಎಂದು ಹೊರಗಿನವರು ಕೂಗಿದ್ದು ಒಳಗೆ ಕೇಳಿಸಲು ಬಹಳ ಕಾಲ ಹಿಡಿಯಿತು. 2019ರ ಮೇ 29ರಂದು ಅತ್ಯುನ್ನತ ಆಡಳಿತ ನ್ಯಾಯಾಲಯ ಸಾರಜನಕದ ಪರವಾನಗಿ ಪದ್ಧತಿಯನ್ನೇ ರದ್ದು ಮಾಡಿದಾಗ ಎಲ್ಲ ಒಮ್ಮೆಗೇ ಕುಸಿಯಿತು. ಅಕ್ಟೋಬರಿನಲ್ಲಿ ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ನುಗ್ಗಿದವು. ಅದೇ ಸಾಲಿನಲ್ಲಿ ಹುಟ್ಟಿದ ರೈತ-ನಾಗರಿಕ ಪಕ್ಷ 2023ರ ಮಾರ್ಚ್‌ನ ಪ್ರಾಂತೀಯ ಚುನಾವಣೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿತು.

ಒಳಬಳಗದಿಂದ ಸಿಡಿದು ಹೊರಬಂದವರೂ ವಾಗನಿಂಗನ್‌ನಲ್ಲೇ ಇದ್ದಾರೆ. 1971ರಲ್ಲಿ ಕೆಲವು ವಿದ್ಯಾರ್ಥಿಗಳು ಬೂರನ್‌ಗ್ರೂಪ್ ಎಂಬ ರೈತರ ಬಳಗ ಕಟ್ಟಿದರು. ಪ್ರೊಫೆಸರು ಹೇಳಿದ್ದೊಂದೇ ಕೃಷಿಯಲ್ಲ, ರೈತರ ಮಾತೂ ತರಗತಿಗೆ ಬರಬೇಕು ಎಂಬುದು ಅವರ ಹಟ. ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ರೈತರ ಮನೆಗೆ ಕಳಿಸಿ ದುಡಿಸಿ, ಮರಳಿದ ಮೇಲೆ ಆ ಅನುಭವದ ಮೇಲೆ ಚರ್ಚೆಗೆ ಕೂರಿಸುವ ಕಾರ್ಯಕ್ರಮ ಅವರದು. ಊರಿನಂಚಿನ ಡ್ರೂವೆಂಡಾಲ್ ಎಂಬಲ್ಲಿ ವಿದ್ಯಾರ್ಥಿಗಳ ಸಾಲುಮನೆಗಳಿವೆ. ಸುತ್ತ ತರಕಾರಿ ಮಡಿ, ಕೋಳಿಗೂಡು. ಕೋಟು ತೊಟ್ಟ ಸೆರೆಸ್‌ನವರಿಗೂ ಡ್ರೂವೆಂಡಾಲ್‌ನ ಬರಿಗಾಲಿನವರಿಗೂ ಪರಸ್ಪರ ಜೋಕು ಹೊಡೆಯದೆ ದಿನ ಹೋಗುವುದಿಲ್ಲ.

ರೈತರ ಮನೆಯಲ್ಲಿ ಕಲಿಯುವ ವಿಷಯದಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಒಂದು ಹೆಜ್ಜೆ ಮುಂದಿವೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಎಲ್ಲೇ ಬಿಎಸ್ಸಿ ಕೃಷಿ ಓದಿದರೂ ಕೊನೆಯ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಲೇಬೇಕು. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಕೆರೆ ಎಲ್ಲಿ, ಒಣ ಬೋರ್‌ವೆಲ್ ಎಲ್ಲಿ ಎಂದು ಅಜ್ಜಂದಿರನ್ನು ಕೇಳಿ ಗುರುತು ಹಾಕುವ ಹುಡುಗ ಹುಡುಗಿಯರನ್ನು ನಮ್ಮ ಹಳ್ಳಿಗಳು ಬಲ್ಲವು. ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕಾದವರು ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ವಾಗನಿಂಗನ್‌ನಲ್ಲಿ ಅಂಥ ಕೋಟಾ ಇಲ್ಲ. ರೈತ ಮನೆಯ ಮಕ್ಕಳ ಪ್ರಮಾಣ ಅಲ್ಲಿ ಇಳಿಯುತ್ತಲೇ ಬಂದಿದೆ. ಇಳಿಯದೆ ಇನ್ನೇನು, 1950ರಲ್ಲಿ ನಾಲ್ಕು ಲಕ್ಷ ದಾಟಿದ್ದ ಡಚ್ ಕೃಷಿ ಹಿಡುವಳಿಗಳು ಈಗ ಸುಮಾರು 50 ಸಾವಿರ.

ಕೂಟಗಳಿಗೆ ಹೊಡೆತ ಕೊಟ್ಟದ್ದು ಹಣ ಕೂಡ. 1986ರಿಂದ ಪ್ರತಿ ವಿದ್ಯಾರ್ಥಿಗೂ ಸಿಗುತ್ತಿದ್ದ ಮೂಲ ವಿದ್ಯಾರ್ಥಿವೇತನವನ್ನು ಸರ್ಕಾರ 2015ರಲ್ಲಿ ತೆಗೆದು ಸಾಲ ಪದ್ಧತಿ ತಂದಿತು. ಸಾಲ ಏರುತ್ತಿರುವಾಗ ಓದು ಬಿಟ್ಟು ಒಂದು ವರ್ಷ ಸಂಘ ನಡೆಸಲು ಯಾರು ಧೈರ್ಯ ಮಾಡುತ್ತಾರೆ? ಅಪ್ಪ ಅಮ್ಮನ ಜೇಬು ಗಟ್ಟಿಯಿದ್ದವರು. ಎಂಟು ವರ್ಷಗಳ ನಂತರ, 2023ರಲ್ಲಿ, ವೇತನ ಮರಳಿತು.

ಕರ್ನಾಟಕದಿಂದ ಅಲ್ಲಿಗೆ ಎಂಎಸ್ಸಿ ಓದಲು ಹೋಗುವವರು ಈ ಹಳೆಯ ಕೂಟಗಳ ಬಾಗಿಲು ತಟ್ಟುವುದು ಕಡಿಮೆ. ಪಾಠ ಇಂಗ್ಲಿಷಿನಲ್ಲಿ, ಕೂಟದ ಹಾಡು, ಜಗಳ, ಸಭೆ ಎಲ್ಲ ಡಚ್ಚಿನಲ್ಲಿ. ಕೋಣೆ ಖಾಲಿಯಿದೆ ಎಂಬ ಜಾಹೀರಾತಿನ ಕೆಳಗೆ ಹೊರದೇಶದವರು ಬೇಡ ಎಂಬ ಸಾಲನ್ನು ಓದಿ ಮುಖ ಸಣ್ಣದು ಮಾಡಿಕೊಂಡವರು ಬೇಕಾದಷ್ಟು. ಅವರಿಗೆ ಹೆಚ್ಚು ಒದಗುವುದು ಓದುವ ವಿಷಯಕ್ಕೆ ಅಂಟಿಕೊಂಡ ಸಂಘಗಳು: ಪಶುವಿಜ್ಞಾನದವರ ಡೆ ಫೇಟೇಲರ್ಸ್, ಸಸ್ಯವಿಜ್ಞಾನದವರ ಸೆಂಪರ್ ಫ್ಲೊರೆನ್ಸ್, ಅರಣ್ಯದವರ ಸಿಲ್ವಾಟಿಕಾ, ಆಹಾರ ತಂತ್ರಜ್ಞಾನದವರ ನಿಕೊಲಾ ಅಪೇರ್. ಕೊನೆಯದು ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿದ್ಯೆ ಕಂಡುಹಿಡಿದ ಫ್ರೆಂಚ್ ಮಿಠಾಯಿಗಾರನ ಹೆಸರು. ಇವುಗಳಲ್ಲಿ ದೀಕ್ಷೆಯ ಕಾಟವಿಲ್ಲ, ಚಂದಾ ಹಗುರ. ಆಗಸ್ಟಿನ ಪರಿಚಯ ವಾರದಲ್ಲಿ ಪಠ್ಯಪುಸ್ತಕದ ರಿಯಾಯಿತಿ ಕೇಳಿಕೊಂಡು ಬಂದವರನ್ನು ಪ್ರವಾಸ ಸಮಿತಿಗೋ ಪತ್ರಿಕೆಯ ಸಮಿತಿಗೋ ಎಳೆದುಕೊಳ್ಳುತ್ತಾರೆ. ಅಲ್ಲೂ ಸರ್ವಸದಸ್ಯರ ಸಭೆ ಇದೆ, ಲೆಕ್ಕ ತನಿಖಾ ಸಮಿತಿ ಇದೆ. ಆ ಸಮಿತಿಗೆ ಬರಲು ಡಚ್ ಹುಡುಗರೇ ಹಿಂಜರಿಯುವುದರಿಂದ, ಕೂಡಿಸು ಕಳೆ ಬಲ್ಲ ಯಾರೇ ಕೈ ಎತ್ತಿದರೂ ಸ್ವಾಗತ.